ಗೇರ್‌ಬಾಕ್ಸ್‌ಗೆ ಯಾವ ಆಯಿಲ್? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಎಂಜಿನ್ ಆಯಿಲ್ ಬಗ್ಗೆ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಗೇರ್ ಆಯಿಲ್ ಬಗ್ಗೆಯೇ ಇವೆ. ಎಂಜಿನ್ ಆಯಿಲ್ ಆದರೆ ವರ್ಷಕ್ಕೊಮ್ಮೆ ನೆನಪಾಗುತ್ತದೆ, ಗೇರ್ ಆಯಿಲ್ ನೆನಪಾಗೋದು ಸದ್ದು ಶುರುವಾದ ಮೇಲೆ. ಅದಕ್ಕೆ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಇದೆಲ್ಲ ಕೈಯಿಂದ ಗೇರ್ ಹಾಕುವ ಕಾರುಗಳ ಮಾತು.

ಪ್ರಶ್ನೆ: ನನ್ನದು ಹತ್ತು ವರ್ಷ ಹಳೆಯ ಹ್ಯಾಚ್‌ಬ್ಯಾಕ್. ಪರಿಚಯದ ಗ್ಯಾರೇಜಿನಲ್ಲಿ ಗೇರ್ ಆಯಿಲ್ ಬದಲಿಸಿಕೊಟ್ಟರು. ಅವತ್ತಿನಿಂದ ಮೂರರಿಂದ ಎರಡಕ್ಕೆ ಇಳಿಸುವಾಗ ಕರ್‌ ಅಂತ ಸದ್ದು. ಕಾರಿನ ಪುಸ್ತಕದಲ್ಲಿ 75ಡಬ್ಲ್ಯು-80, ಜಿಎಲ್-4 ಅಂತಿದೆ. ಇವರು ಹಾಕಿರೋದು 80ಡಬ್ಲ್ಯು-90, ಜಿಎಲ್-5. ಕೇಳಿದರೆ "ನಾಲ್ಕಕ್ಕಿಂತ ಐದು ಮೇಲಲ್ವಾ ಸರ್, ಒಳ್ಳೇದನ್ನೇ ಹಾಕಿದೀನಿ" ಅಂದರು. ಹೌದಾ? – ಹಾಸನದ ಓದುಗರು

ಇಲ್ಲ. ಆದರೆ ಅವರು ಮೋಸ ಮಾಡೋಕೆ ಹೇಳಿದ್ದಲ್ಲ ಅನಿಸುತ್ತದೆ, ತುಂಬ ಮಂದಿ ಹೀಗೇ ನಂಬಿದ್ದಾರೆ. ಪೆಟ್ರೋಲ್ ಎಂಜಿನ್ ಆಯಿಲ್‌ನಲ್ಲಿ ಎಸ್‌ಎನ್ ಅನ್ನುವ ಹಳೆಯ ದರ್ಜೆ ಕೇಳಿದ ಕಡೆ ಎಸ್‌ಪಿ ಅನ್ನುವ ಹೊಸ ದರ್ಜೆ ಹಾಕಿದರೆ ನಡೆಯುತ್ತದೆ, ಹೊಸದು ಹಳೆಯದಕ್ಕಿಂತ ಮೇಲು. ಅದೇ ಲೆಕ್ಕವನ್ನು ಗೇರ್ ಆಯಿಲ್‌ಗೂ ಹಾಕಿಬಿಡುತ್ತಾರೆ. ಗೇರ್ ಆಯಿಲ್ ಡಬ್ಬಿ ಮೇಲಿನ 75ಡಬ್ಲ್ಯು-80 ತರದ್ದು ದಪ್ಪದ ನಂಬರ್, ಅದರ ವಿಷಯ ಮುಂದೆ ಬರುತ್ತದೆ. ಜಿಎಲ್ ಸಂಖ್ಯೆ ಹೇಳೋದು ಬೇರೆ ವಿಷಯ. ಈ ಆಯಿಲ್ ಯಾವ ತರದ ಗೇರಿಗೆ, ಎಷ್ಟು ಒತ್ತಡದ ಜಾಗಕ್ಕೆ ಅಂತ ಅದು ಹೇಳುತ್ತದೆ, ಅಷ್ಟೆ.

ಜಿಎಲ್-5 ಮುಖ್ಯವಾಗಿ ಹೈಪಾಯ್ಡ್ ಗೇರಿಗೆ ಮಾಡಿದ್ದು. ಹಿಂದಿನ ಚಕ್ರ ಎಳೆಯುವ ಗಾಡಿಗಳ ಹಿಂಬದಿ ಹೌಸಿಂಗ್‌ನಲ್ಲಿ ಕ್ರೌನ್ ಅನ್ನುವ ದೊಡ್ಡ ಗೇರ್ ಮತ್ತು ಅದನ್ನು ತಿರುಗಿಸುವ ಪಿನಿಯನ್ ಅನ್ನುವ ಚಿಕ್ಕ ಗೇರ್ ಇರುತ್ತವಲ್ಲ, ಅಲ್ಲಿ ಪಿನಿಯನ್ ಕ್ರೌನಿನ ನಡುಮಧ್ಯಕ್ಕೆ ಬರದೆ ಸ್ವಲ್ಪ ಕೆಳಗೆ ಕೂತಿರುತ್ತದೆ. ಹಾಗೆ ಕೂತಾಗ ಹಲ್ಲುಗಳು ಒಂದರ ಮೇಲೊಂದು ಉರುಳೋದಕ್ಕಿಂತ ಜಾಸ್ತಿ ಉಜ್ಜುತ್ತವೆ. ಬರೀ ಎಣ್ಣೆಯ ಪದರ ಅಲ್ಲಿ ತಡೆಯೋದಿಲ್ಲ, ಹಿಂಡಿ ಹೊರಗೆ ಹೋಗುತ್ತದೆ. ಆಗ ಕೆಲಸಕ್ಕೆ ಬರೋದು ಗಂಧಕ ಮತ್ತು ರಂಜಕ ಸೇರಿದ ಇಪಿ, ಅಂದರೆ ಅತಿ ಒತ್ತಡ ತಡೆಯುವ ಮಿಶ್ರಣ. ಬಿಸಿ ಮತ್ತು ಒತ್ತಡಕ್ಕೆ ಅದು ಹಲ್ಲಿನ ಕಬ್ಬಿಣದ ಜೊತೆ ಸೇರಿ ತೆಳುವಾದ ಪದರ ಕಟ್ಟುತ್ತದೆ, ಕಬ್ಬಿಣಕ್ಕೆ ಕಬ್ಬಿಣ ತಾಗಿ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ. ಜಿಎಲ್-5ರಲ್ಲಿ ಈ ಮಿಶ್ರಣ ಸಾಮಾನ್ಯವಾಗಿ ಜಿಎಲ್-4ರ ಎರಡರಷ್ಟು ಇರುತ್ತದೆ.

ಈಗ ನಿಮ್ಮ ಗೇರ್‌ಬಾಕ್ಸ್‌ಗೆ ಬನ್ನಿ. ಒಳಗೆ ಮುಂದಕ್ಕೆ ಹೋಗುವ ಗೇರುಗಳೆಲ್ಲ ಯಾವಾಗಲೂ ಒಂದಕ್ಕೊಂದು ಕೂಡಿಕೊಂಡೇ ತಿರುಗುತ್ತಿರುತ್ತವೆ. ನೀವು ಲಿವರ್ ತಳ್ಳಿದಾಗ ಆಗೋದು ಏನಂದರೆ, ಶಾಫ್ಟಿನ ಮೇಲೆ ಸುಮ್ನೆ ತಿರುಗುತ್ತಿದ್ದ ಒಂದು ಗೇರನ್ನು ಶಾಫ್ಟಿಗೆ ಲಾಕ್ ಮಾಡೋದು. ಲಾಕ್ ಆಗಬೇಕಾದರೆ ಎರಡೂ ಒಂದೇ ವೇಗದಲ್ಲಿ ತಿರುಗಬೇಕು. ಆ ವೇಗ ಸರಿಮಾಡೋದು ಸಿಂಕ್ರೊ ರಿಂಗ್. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಹಿತ್ತಾಳೆ ಬಣ್ಣದ ರಿಂಗ್ ಅದು, ಹೊರಗೆ ಚಿಕ್ಕ ಚಿಕ್ಕ ಹಲ್ಲು, ಒಳಗೆ ಇಳಿಜಾರಾಗಿ ಕೊರೆದ ಮೈ. ಆ ಒಳಮೈ ಮೇಲೆ ಉಗುರು ಆಡಿಸಿದರೆ ಸ್ಕ್ರೂ ಮರೆಯ ಹಾಗೆ ನವಿರಾದ ಗೆರೆಗಳು ಸಿಗುತ್ತವೆ. ರಿಂಗ್ ಹೋಗಿ ಗೇರಿನ ಕೋನ್, ಅಂದರೆ ಅದರ ಇಳಿಜಾರಾದ ಭಾಗದ ಮೇಲೆ ಒತ್ತಿದಾಗ ಈ ಗೆರೆಗಳು ನಡುವಿನ ಎಣ್ಣೆಯನ್ನು ಕತ್ತರಿಸಿ ಹೊರಗೆ ತಳ್ಳಿ, ಕೋನನ್ನು ಹಿಡಿದು ಬ್ರೇಕ್ ಹಾಕುತ್ತವೆ. ಇದೆಲ್ಲ ಅರ್ಧ ಸೆಕೆಂಡಿನ ಒಳಗೆ. ವೇಗ ಒಂದಾದ ಮೇಲೆ ಗೇರ್ ಸದ್ದಿಲ್ಲದೆ ಬೀಳುತ್ತದೆ.

ಅಂದರೆ ಗೇರ್‌ಬಾಕ್ಸ್ ಆಯಿಲ್‌ಗೆ ಒಂದಕ್ಕೊಂದು ವಿರುದ್ಧವಾದ ಎರಡು ಕೆಲಸ. ಹಲ್ಲುಗಳ ನಡುವೆ ಜಾರಿಸಬೇಕು, ರಿಂಗ್ ಮತ್ತು ಕೋನ್ ನಡುವೆ ಜಾರಿಸಬಾರದು. ಗೇರ್ ಆಯಿಲ್ ಆರಿಸುವ ವಿಷಯ ಇಡೀ ನಿಂತಿರೋದು ಇದೊಂದರ ಮೇಲೆ. ಜಿಎಲ್-5ರ ಜಾಸ್ತಿ ಇಪಿ ಮಿಶ್ರಣ ಎರಡೂ ಕಡೆ ಜಾರಿಸುತ್ತದೆ. ಎಣ್ಣೆ ಕೈಯಲ್ಲಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುವಿದ ಹಾಗೆ, ರಿಂಗ್ ಕೋನನ್ನು ಹಿಡಿಯೋಕೆ ಹೋಗಿ ಜಾರುತ್ತದೆ. ವೇಗ ಒಂದಾಗೋ ಮೊದಲೇ ಹಲ್ಲುಗಳು ಎದುರಾದರೆ ನಿಮಗೆ ಕೇಳಿದ ಆ ಕರ್‌ ಸದ್ದು ಬರುತ್ತದೆ. ಎರಡನೇ ಗೇರಿನಲ್ಲೇ ಮೊದಲು ಕಾಣಿಸೋದಕ್ಕೂ ಕಾರಣ ಇದೆ. ಮೂರರಿಂದ ಎರಡಕ್ಕೆ ಬರುವಾಗ ವೇಗದ ವ್ಯತ್ಯಾಸ ದೊಡ್ಡದು, ಊರೊಳಗೆ ಜಾಸ್ತಿ ಬಳಸೋದೂ ಅದನ್ನೇ.

ಇನ್ನೊಂದು ಮಾತು ಓಡಾಡುತ್ತಿರುತ್ತದೆ, ಜಿಎಲ್-5 ಹಿತ್ತಾಳೆಯನ್ನು ತಿಂದುಹಾಕುತ್ತದೆ ಅಂತ. ಬಿಸಿಯಲ್ಲಿ ಚುರುಕಾಗುವ ಗಂಧಕ ತಾಮ್ರ ಇರುವ ಲೋಹದ ಮೇಲೆ ಕೆಲಸ ಮಾಡೋದು ನಿಜ. ಹಳೆಯ ಕಾಲದ ಆಯಿಲ್‌ಗಳಲ್ಲಿ ಇದು ದೊಡ್ಡ ತೊಂದರೆಯಾಗಿತ್ತು. ಈಗ ಒಳ್ಳೆಯ ಕಂಪನಿಗಳು ಆಯಿಲ್‌ನಲ್ಲಿ ತಾಮ್ರದ ಪಟ್ಟಿ ಮುಳುಗಿಸಿ, ಬಿಸಿಮಾಡಿ, ಬಣ್ಣ ಎಷ್ಟು ಕಪ್ಪಾಯಿತು ಅಂತ ಪರೀಕ್ಷೆ ಮಾಡುತ್ತವೆ. ಹಾಗಾಗಿ ಹಾಕಿದ ವಾರಕ್ಕೇ ರಿಂಗ್ ಕರಗಿತು ಅಂತ ಹೆದರಬೇಡಿ. ಜಾರೋದೇ ನಿಮ್ಮ ನಿಜವಾದ ತೊಂದರೆ. ಆದರೆ ಹಾಗೇ ಓಡಿಸುತ್ತಾ ಹೋದರೆ ಪ್ರತಿ ಸಲದ ಸದ್ದಿಗೂ ರಿಂಗಿನ ಹಲ್ಲಿನ ಚೂಪು ಸ್ವಲ್ಪ ಸ್ವಲ್ಪ ಹೋಗುತ್ತದೆ. ಅದು ಹೋದ ಮೇಲೆ ಎಂಥ ಆಯಿಲ್ ಹಾಕಿದರೂ ಬರೋದಿಲ್ಲ.

ನೀವು ಮಾಡಬೇಕಾದ್ದು ಇಷ್ಟು. ಗಾಡಿ ಒಂದು ಇಪ್ಪತ್ತು ಕಿಲೋಮೀಟರ್ ಓಡಿಸಿ, ಗೇರ್‌ಬಾಕ್ಸ್ ಬೆಚ್ಚಗಿರುವಾಗಲೇ ಆಯಿಲ್ ಪೂರ್ತಿ ಇಳಿಸಿ, ಪುಸ್ತಕದಲ್ಲಿರುವ 75ಡಬ್ಲ್ಯು-80 ಜಿಎಲ್-4 ಹಾಕಿಸಿ. ಒಳಗೆ ಮೂಲೆಗಳಲ್ಲಿ ಹಳೆಯದು ಸ್ವಲ್ಪ ಉಳಿದೇ ಇರುತ್ತದೆ. ಸದ್ದು ಕಡಿಮೆಯಾಗಿ ಪೂರ್ತಿ ಹೋಗಿಲ್ಲ ಅಂದರೆ ಕೆಲವು ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಬದಲಿಸಿ. ಹೆಚ್ಚಿನ ಸಣ್ಣ ಕಾರಿಗೆ ಹಿಡಿಯೋದು ಎರಡು ಲೀಟರ್ ಆಸುಪಾಸು, ಎರಡು ಸಲ ಹಾಕಿಸಿದರೂ ಗೇರ್‌ಬಾಕ್ಸ್ ಬಿಚ್ಚಿಸುವ ಖರ್ಚಿನ ಹತ್ತಿರಕ್ಕೂ ಬರೋದಿಲ್ಲ. ಆಮೇಲೂ ಸದ್ದು ಹಾಗೇ ಇದ್ದರೆ ರಿಂಗ್ ಸವೆದಿದೆ ಅಂತ ಅರ್ಥ. ಗೇರ್‌ಬಾಕ್ಸ್ ಇಳಿಸಿದಾಗ ರಿಂಗನ್ನು ಕೋನ್ ಮೇಲೆ ಕೈಯಲ್ಲಿ ಒತ್ತಿ ಹಿಡಿದು, ರಿಂಗಿನ ಹಲ್ಲಿಗೂ ಗೇರಿನ ಹಲ್ಲಿಗೂ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡುತ್ತಾರೆ. ಅನೇಕ ಸಣ್ಣ ಕಾರುಗಳಲ್ಲಿ ಹೊಸ ರಿಂಗಿಗೆ ಈ ಸಂದು ಒಂದು ಮಿಲಿಮೀಟರ್ ಸುತ್ತಮುತ್ತ ಇರುತ್ತದೆ, ಅರ್ಧಕ್ಕೆ ಇಳಿದರೆ ಬದಲಿಸಬೇಕು. ನಿಮ್ಮ ಕಣ್ಣೆದುರೇ ಅಳೆದು ತೋರಿಸಿ ಅಂತ ಕೇಳಿ, ಕೇಳೋದರಲ್ಲಿ ಸಂಕೋಚ ಬೇಡ.

ಪ್ರಶ್ನೆ: ಅಂಗಡಿಯಲ್ಲಿ ಡಬ್ಬಿ ಮೇಲೆ "ಜಿಎಲ್-4/ಜಿಎಲ್-5" ಅಂತ ಎರಡೂ ಇರುತ್ತದೆ. ಇದು ಎರಡಕ್ಕೂ ಆಗುತ್ತಾ? – ತುಮಕೂರಿನ ಓದುಗರು

ಅಂಥ ಆಯಿಲ್‌ಗಳಲ್ಲಿ ಎರಡು ಜಾತಿ. ಕೆಲವನ್ನು ನಿಜವಾಗಿಯೂ ಸಿಂಕ್ರೊಗೂ ಒಗ್ಗುವ ಹಾಗೆ ಮಾಡಿರುತ್ತಾರೆ, ಅವುಗಳ ಮೇಲೆ ಯಾವ ಯಾವ ಕಾರು ಕಂಪನಿಯ ಅಳತೆಗೆ ಸರಿಹೊಂದುತ್ತದೆ ಅಂತ ನಂಬರ್ ಸಮೇತ ಬರೆದಿರುತ್ತಾರೆ. ಇನ್ನು ಕೆಲವು ಮಾಮೂಲಿ ಜಿಎಲ್-5, ಒತ್ತಡ ತಡೆಯೋದರಲ್ಲಿ ಜಿಎಲ್-4 ಕೇಳಿದ್ದಕ್ಕಿಂತ ಜಾಸ್ತಿ ಇದೆ ಅನ್ನುವ ಅರ್ಥದಲ್ಲಿ ಎರಡನ್ನೂ ಬರೆದಿರುತ್ತಾರೆ. ಅಂಥ ನಂಬರ್ ಇಲ್ಲದಿದ್ದರೆ ಡಬ್ಬಿ ನೋಡಿ ಇವೆರಡರ ವ್ಯತ್ಯಾಸ ಹೇಳೋದು ಕಷ್ಟ. ನನ್ನ ಸಲಹೆ ಸರಳ: ಪುಸ್ತಕದಲ್ಲಿ ಜಿಎಲ್-4 ಅಂತಿದ್ದರೆ ಬರೀ ಜಿಎಲ್-4 ಅಂತ ಬರೆದಿರೋದನ್ನೇ ತಗೊಳ್ಳಿ. ಅದು ಸಿಗದ ಊರೇನಲ್ಲ ತುಮಕೂರು. ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವವರ ಕೈಯಲ್ಲಿ ತರಿಸಿ.

ಜಿಎಲ್-1, 2, 3 ಅಂತ ಯಾರಾದರೂ ಹಳೆಯ ಸ್ಟಾಕ್ ತೋರಿಸಿದರೆ ಬೇಡ ಅನ್ನಿ, ಅವುಗಳ ಕಾಲ ಮುಗಿದಿದೆ. ಎಂಟಿ-1 ಅಂತ ಕಂಡರೆ ಅದು ಸಿಂಕ್ರೊ ಇಲ್ಲದ ಬಸ್ಸು-ಲಾರಿ ಗೇರ್‌ಬಾಕ್ಸ್‌ಗಳಿಗೆ ಮಾಡಿದ್ದು.

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ. ವಾರಕ್ಕೆರಡು ಸಲ ಚಾರ್ಮಾಡಿ ಘಾಟಿ ಇಳಿದು ಹತ್ತೋದು, ಗಾಡಿಯಲ್ಲಿ ಲೋಡೂ ಇರುತ್ತದೆ. ಕಂಪನಿ 75ಡಬ್ಲ್ಯು-80 ಹೇಳಿದೆ. ಅದು ನೀರಿನ ಹಾಗಿದೆ, ಎಂಜಿನ್ ಆಯಿಲೇ 30 ನಂಬರ್, ಗೇರ್‌ಗೆ 90 ಅಥವಾ 140 ಹಾಕೋದೇ ಮೇಲು ಅಂತ ನಮ್ಮ ಮೆಕ್ಯಾನಿಕ್ ಅಣ್ಣ ಹೇಳ್ತಾರೆ. ಹಾಕಿಸಲಾ? – ಚಿಕ್ಕಮಗಳೂರು ಜಿಲ್ಲೆಯ ಓದುಗರು

140 ಬೇಡವೇ ಬೇಡ. ಮೊದಲು ನಂಬರ್ ವಿಷಯ ಬಿಡಿಸಿಕೊಳ್ಳೋಣ. ಎಂಜಿನ್ ಆಯಿಲ್‌ನ ನಂಬರೂ ಗೇರ್ ಆಯಿಲ್‌ನ ನಂಬರೂ ಒಂದೇ ಅಳತೆಕೋಲಿನವಲ್ಲ, ಎಸ್‌ಎಇ ಅನ್ನುವ ಸಂಸ್ಥೆ ಎರಡಕ್ಕೂ ಬೇರೆ ಬೇರೆ ಪಟ್ಟಿ ಇಟ್ಟಿದೆ. ನೂರು ಡಿಗ್ರಿ ಬಿಸಿಯಲ್ಲಿ ಅಳೆದರೆ 80 ನಂಬರಿನ ಗೇರ್ ಆಯಿಲ್ 20 ಅಥವಾ 30 ನಂಬರಿನ ಎಂಜಿನ್ ಆಯಿಲ್‌ನಷ್ಟೇ ದಪ್ಪ. 90 ಬಂದು ನಿಲ್ಲೋದು 40-50ರ ನಡುವೆ. ಹಾಗಾಗಿ 90 ಅಂದ ತಕ್ಷಣ ಎಂಜಿನ್ ಆಯಿಲ್‌ನ ಮೂರರಷ್ಟು ಗಟ್ಟಿ ಅಂದುಕೊಳ್ಳಬೇಡಿ, 75ಡಬ್ಲ್ಯು-80 ನೀರು ಅಂತಲೂ ಅಂದುಕೊಳ್ಳಬೇಡಿ.

ಡಬ್ಲ್ಯು ಅಂದರೆ ಚಳಿಗಾಲದ ಗುರುತು. ಅದರ ಹಿಂದಿನ ಸಂಖ್ಯೆ ಕಡಿಮೆ ಇದ್ದಷ್ಟೂ ಆಯಿಲ್ ತಣ್ಣಗಿರುವಾಗ ಬೇಗ ಹರಿಯುತ್ತದೆ. ಡ್ಯಾಶ್ ಗುರುತಿನ ಮುಂದಿನದ್ದು ಬಿಸಿಯಾದಾಗಿನ ದಪ್ಪ.

ಇನ್ನು ಘಾಟಿ. ಹಳೆಯ ಕಾರುಗಳ ಗೇರ್‌ಬಾಕ್ಸ್‌ನಲ್ಲಿ ಬೇರಿಂಗ್, ಹಲ್ಲು ಎಲ್ಲಕ್ಕೂ ಸಡಿಲ ಜಾಸ್ತಿ ಇತ್ತು, ಅವುಗಳಿಗೆ 90 ಒಗ್ಗುತ್ತಿತ್ತು. ಈಗಿನವುಗಳಲ್ಲಿ ಸಂದು ಕಡಿಮೆ, ಬೇರಿಂಗಿಗೆ ಆಯಿಲ್ ಹೋಗುವ ದಾರಿ ಸಣ್ಣದು. ಒಳಗೆ ಪಂಪ್ ಗಿಂಪ್ ಏನೂ ಇಲ್ಲ, ಕೆಳಗಿನ ಗೇರ್ ತಿರುಗುತ್ತಾ ಎರಚಿದ ಆಯಿಲೇ ಮೇಲಿನ ಬೇರಿಂಗ್ ತಲುಪಬೇಕು. ಮೂಡಿಗೆರೆಯ ಡಿಸೆಂಬರ್ ಬೆಳಗ್ಗೆ 140 ಹಾಕಿದ ಗೇರ್‌ಬಾಕ್ಸ್‌ನಲ್ಲಿ ಅದು ಎರಚೋದೂ ನಿಧಾನ, ರಿಂಗ್ ಅದನ್ನು ಕತ್ತರಿಸಿ ಕೋನ್ ಹಿಡಿಯೋದೂ ನಿಧಾನ. ಮನೆ ಗೇಟು ದಾಟೋ ಮೊದಲೇ ಎರಡನೇ ಗೇರ್ ಹಠ ಮಾಡುತ್ತದೆ.

ಲೋಡ್ ಜಾಸ್ತಿ ಅಂದರೆ ದಪ್ಪ ಮಾಡೋದಲ್ಲ, ಬದಲಿಸುವ ಅವಧಿ ಕಡಿಮೆ ಮಾಡಿ. ಘಾಟಿ, ಲೋಡು, ಧೂಳು ಇದ್ದರೆ ಅನೇಕ ಕಂಪನಿಗಳ ಪುಸ್ತಕದಲ್ಲೇ ಕಠಿಣ ಬಳಕೆಗೆ ಅಂತ ಬೇರೆ ಪಟ್ಟಿ ಇರುತ್ತದೆ, ಕೊನೆಯ ಪುಟಗಳಲ್ಲಿ. ನಿಮ್ಮದು ಆ ಪಟ್ಟಿಗೆ ಸೇರಿದ್ದು. ಪಟ್ಟಿ ಇಲ್ಲದಿದ್ದರೆ ನಲವತ್ತು ಸಾವಿರ ಕಿಲೋಮೀಟರಿಗೆ ಒಮ್ಮೆ ಬದಲಿಸಿ ಅಂತ ನಾನು ಹೇಳುತ್ತೇನೆ. ಪುಸ್ತಕದಲ್ಲಿ 75ಡಬ್ಲ್ಯು-80 ಜೊತೆಗೆ 75ಡಬ್ಲ್ಯು-90ಗೂ ಒಪ್ಪಿಗೆ ಇದ್ದರೆ, ನಿಮ್ಮ ಬಳಕೆಗೆ 75ಡಬ್ಲ್ಯು-90 ಜಿಎಲ್-4 ಸಿಂಥೆಟಿಕ್ ಹಾಕಿಸಬಹುದು. ಒಪ್ಪಿಗೆ ಇಲ್ಲದಿದ್ದರೆ ಬೇಡ.

ಮತ್ತೊಂದು. ಘಾಟಿ ಇಳಿಯುವಾಗ ಎಂಜಿನ್ ಬ್ರೇಕಿಗಾಗಿ ಗೇರ್ ಇಳಿಸುತ್ತೀರಲ್ಲ, ಆಗ ಕ್ಲಚ್ ಒತ್ತಿದಾಗ ಆಕ್ಸಿಲರೇಟರ್ ಸ್ವಲ್ಪ ತಟ್ಟಿ ಎಂಜಿನ್ ವೇಗ ಏರಿಸಿ ಬಿಡಿ. ಕ್ಲಚ್ ಪ್ಲೇಟಿಗೆ ಜರ್ಕ್ ಕಡಿಮೆ. 1928ರಲ್ಲಿ ಕ್ಯಾಡಿಲಾಕ್ ಕಂಪನಿ ಸಿಂಕ್ರೊ ತರುವ ತನಕ ಹೆಚ್ಚಿನ ಡ್ರೈವರುಗಳು ಡಬಲ್ ಕ್ಲಚ್ ಮಾಡಿಯೇ, ಅಂದರೆ ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟು ಆಕ್ಸಿಲರೇಟರ್ ತಟ್ಟಿ ಮತ್ತೆ ಕ್ಲಚ್ ಒತ್ತಿ, ಗೇರ್ ಇಳಿಸುತ್ತಿದ್ದರು, ನಮ್ಮ ಘಾಟಿಗಳ ಹಳೆಯ ಲಾರಿ ಡ್ರೈವರುಗಳಿಗೆ ಅದು ಕಾಲಿಗೇ ಬಂದ ವಿದ್ಯೆ. ಅವರಲ್ಲಿ ಯಾರಾದರೂ ನಿಮ್ಮೂರಲ್ಲಿದ್ದರೆ ಒಂದು ಸಂಜೆ ಪಕ್ಕ ಕೂರಿಸಿಕೊಂಡು ಕಲಿಯಿರಿ. ಸಿಂಕ್ರೊ ಸವೆದ ಗಾಡಿಯನ್ನೂ ಸದ್ದಿಲ್ಲದೆ ಓಡಿಸುತ್ತಾರೆ ಅವರು.

ಪ್ರಶ್ನೆ: ನನ್ನ ಕಾರಿನಲ್ಲಿ ನಿಂತಲ್ಲೇ ಫಸ್ಟ್ ಗೇರ್ ಬೀಳೋದು ಕಷ್ಟ, ರಿವರ್ಸ್ ಹಾಕಿದರೆ ಕರ್‌ ಅನ್ನುತ್ತದೆ. ಓಡುವಾಗ ಮೂರು, ನಾಲ್ಕು, ಐದು ಚೆನ್ನಾಗಿಯೇ ಬೀಳುತ್ತವೆ. ಗೇರ್ ಆಯಿಲ್ ಬದಲಿಸಿದರೆ ಸರಿಹೋಗುತ್ತಾ? – ಮೈಸೂರಿನ ಓದುಗರು

ಮೇಡಂ, ದುಡ್ಡು ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ, ಕ್ಲಚ್ ಪೂರ್ತಿ ಒತ್ತಿ ಎಲ್ಲ ಗೇರನ್ನೂ ಒಂದೊಂದಾಗಿ ಹಾಕಿ ನೋಡಿ. ಸಲೀಸಾಗಿ ಬಿದ್ದವಾ? ಈಗ ಎಂಜಿನ್ ಸ್ಟಾರ್ಟ್ ಮಾಡಿ ಅದನ್ನೇ ಮಾಡಿ. ಆಫ್ ಇದ್ದಾಗ ಬೀಳುತ್ತದೆ, ಸ್ಟಾರ್ಟ್ ಇದ್ದಾಗ ಬೀಳೋದಿಲ್ಲ ಅಂದರೆ ತೊಂದರೆ ಕ್ಲಚ್ಚಿನದು. ನೀವು ಪೆಡಲ್ ಒತ್ತಿದರೂ ಅದು ಎಂಜಿನ್ ಜೊತೆಗಿನ ನಂಟನ್ನು ಪೂರ್ತಿ ಬಿಡುತ್ತಿಲ್ಲ. ಕ್ಲಚ್ ಕೇಬಲ್ ಹಿಗ್ಗಿರಬಹುದು, ಹೈಡ್ರಾಲಿಕ್ ಆದರೆ ಗಾಳಿ ಸೇರಿರಬಹುದು ಅಥವಾ ಸಿಲಿಂಡರ್ ಸೋರುತ್ತಿರಬಹುದು. ಚಾಪೆ ಪೆಡಲ್ ಅಡಿಗೆ ಸರಿದು ಪೂರ್ತಿ ಒತ್ತೋಕೆ ಬಿಡದೇ ಇರೋದೂ ಉಂಟು, ಮೊದಲು ಅದನ್ನೇ ನೋಡಿ, ಖರ್ಚಿಲ್ಲ.

ರಿವರ್ಸ್ ವಿಷಯ ಬೇರೆ. ಅನೇಕ ಕಾರುಗಳಲ್ಲಿ ರಿವರ್ಸಿಗೆ ಸಿಂಕ್ರೊ ಇರೋದೇ ಇಲ್ಲ. ಕ್ಲಚ್ ಒತ್ತಿದ ಮೇಲೂ ಒಳಗಿನ ಶಾಫ್ಟ್ ಒಂದೆರಡು ಸೆಕೆಂಡ್ ತಿರುಗುತ್ತಲೇ ಇರುತ್ತದೆ. ಗಾಡಿ ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿ, ಎರಡು ಮೂರು ಸೆಕೆಂಡ್ ತಡೆದು ಹಾಕಿ. ಅಥವಾ ಮೊದಲು ಯಾವುದಾದರೂ ಮುಂದಿನ ಗೇರ್ ಮುಟ್ಟಿಸಿ ಆಮೇಲೆ ರಿವರ್ಸ್ ಹಾಕಿ, ಆ ಗೇರಿನ ಸಿಂಕ್ರೊ ಶಾಫ್ಟನ್ನು ನಿಲ್ಲಿಸಿಬಿಡುತ್ತದೆ.

ಸದ್ದಿನ ಬಗ್ಗೆಯೂ ಒಂದೆರಡು ಮಾತು ಇಲ್ಲೇ ಸೇರಿಸುತ್ತೇನೆ, ತುಂಬ ಜನ ಕೇಳಿದ್ದಾರೆ. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಗುಂಯ್ ಅನ್ನುತ್ತದೆ, ಕ್ಲಚ್ ಒತ್ತಿದ ಕೂಡಲೇ ನಿಲ್ಲುತ್ತದೆ ಅಂದರೆ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ (ಎಂಜಿನ್ ಕಡೆಯಿಂದ ಒಳಗೆ ಬರುವ ಶಾಫ್ಟ್) ಬೇರಿಂಗ್ ಕಡೆ ಅನುಮಾನ. ಇದಕ್ಕೆ ತಿರುಗುಮುರುಗಾಗಿ ಒತ್ತಿದಾಗ ಮಾತ್ರ ಸದ್ದು ಬಂದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ಮೊದಲನೆಯದಕ್ಕೆ ಆಯಿಲ್ ಮಟ್ಟ ಕೂಡಲೇ ನೋಡಿಸಬೇಕು, ಎರಡನೆಯದಕ್ಕೂ ಗೇರ್ ಆಯಿಲ್‌ಗೂ ಸಂಬಂಧವೇ ಇಲ್ಲ.

ಪ್ರಶ್ನೆ: ಓಮ್ನಿಗೂ ಬೊಲೆರೊಗೂ ಮನೆಯಲ್ಲಿ ಒಂದೇ ಡಬ್ಬಿ ತಂದು ಎಲ್ಲ ಕಡೆ ಹಾಕಬಹುದಾ? – ಹಾವೇರಿಯ ಓದುಗರು

ಇವೆರಡೂ ಹಿಂದಿನ ಚಕ್ರ ಎಳೆಯುವ ಗಾಡಿಗಳು. ಮುಂದೆ ಗೇರ್‌ಬಾಕ್ಸ್, ನಡುವೆ ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಹೌಸಿಂಗ್. ಎರಡು ಕಡೆ ಎರಡು ಬೇರೆ ಆಯಿಲ್. ಹೌಸಿಂಗ್‌ನಲ್ಲಿ ಮೇಲೆ ಹೇಳಿದ ಹೈಪಾಯ್ಡ್ ಗೇರ್ ಇದೆ, ಅಲ್ಲಿ ಜಿಎಲ್-5 ಬೇಕೇ ಬೇಕು. ಅಲ್ಲಿಗೆ ಜಿಎಲ್-4 ಹಾಕಿದರೆ ಕ್ರೌನ್-ಪಿನಿಯನ್ ಬೇಗ ಹಾಳು, ಅದು ಸಿಂಕ್ರೊ ಜಾರೋದಕ್ಕಿಂತ ದೊಡ್ಡ ನಷ್ಟ. ಗೇರ್‌ಬಾಕ್ಸ್‌ಗೆ ಪುಸ್ತಕದಲ್ಲಿ ಏನಿದೆಯೋ ಅದು. ಡಬ್ಬಿಗಳ ಮೇಲೆ ಮಾರ್ಕರ್ ಪೆನ್ನಲ್ಲಿ "ಬಾಕ್ಸ್", "ಕ್ರೌನ್" ಅಂತ ದೊಡ್ಡದಾಗಿ ಬರೆದಿಡಿ.

ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಡಿಫರೆನ್ಷಿಯಲ್ ಗೇರ್‌ಬಾಕ್ಸ್ ಒಳಗೇ ಇರುತ್ತದೆ, ಎರಡಕ್ಕೂ ಒಂದೇ ಆಯಿಲ್. ಹಾಗಾದರೆ ಅಲ್ಲಿ ಜಿಎಲ್-5 ಬೇಡವಾ ಅಂತ ಕೇಳಬಹುದು. ಎಂಜಿನ್ ಅಡ್ಡ ಕೂತಿರುವ ಕಾರುಗಳಲ್ಲಿ ಕೊನೆಯ ಗೇರ್ ಕೂಡ ಮಾಮೂಲಿ ಓರೆ ಹಲ್ಲಿನದೇ, ಹೈಪಾಯ್ಡ್ ಅಲ್ಲ. ಜಿಎಲ್-4 ಸಾಕು.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಹೋಂಡಾ ಸಿಟಿ ತಗೊಂಡೆ. ಗೇರ್‌ಬಾಕ್ಸ್‌ಗೆ ಎಂಜಿನ್ ಆಯಿಲ್ ಹಾಕಿದೆ ಅಂತ ಹಿಂದಿನ ಮಾಲೀಕರು ಹೇಳಿದರು. ಗಾಬರಿಯಾಗಿದೆ. – ಹುಬ್ಬಳ್ಳಿಯ ಓದುಗರು

ಗಾಬರಿ ಬೇಡ. ಹೋಂಡಾ ತನ್ನ ಮ್ಯಾನುಯಲ್ ಗೇರ್‌ಬಾಕ್ಸ್‌ಗೆ ಎಂಟಿಎಫ್ ಅನ್ನುವ ತನ್ನದೇ ತೆಳು ಆಯಿಲ್ ಹೇಳುತ್ತದೆ. ಅದು ಸಿಗದಿದ್ದಾಗ ತಾತ್ಕಾಲಿಕವಾಗಿ ಎಂಜಿನ್ ಆಯಿಲ್ ಹಾಕಬಹುದು, ಆದಷ್ಟು ಬೇಗ ಎಂಟಿಎಫ್‌ಗೆ ಬದಲಿಸಿ ಅಂತ ಅದರ ಪುಸ್ತಕಗಳಲ್ಲಿ ಇರುತ್ತದೆ. ಎಂಜಿನ್ ಆಯಿಲ್‌ನಿಂದ ಗೇರ್ ಒಡೆಯೋದಿಲ್ಲ, ಆದರೆ ಗೇರ್‌ಬಾಕ್ಸ್‌ಗೆ ಬೇಕಾದ ಮಿಶ್ರಣ ಅದರಲ್ಲಿಲ್ಲ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಗೇರ್ ಹಾಕೋದು ಬಿಗಿಯಾಗುತ್ತಾ ಬರುತ್ತದೆ. ಈಗ ಎಂಟಿಎಫ್ ಸುಲಭವಾಗಿ ಸಿಗುತ್ತದೆ, ಬದಲಿಸಿಬಿಡಿ. ಹುಷಾರಾಗಿರಬೇಕಾದ್ದು ಇನ್ನೊಂದಕ್ಕೆ: "ಗೇರ್ ಆಯಿಲ್ ಅಂದ್ರೆ 90" ಅಂತ ಯಾರಾದರೂ ಆ ಬಾಕ್ಸ್‌ಗೆ 90 ಸುರಿಯೋಕೆ ಬಂದರೆ ತಡೆಯಿರಿ.

ಗೇರ್‌ಬಾಕ್ಸ್‌ಗೆ ಎಂಜಿನ್ ಆಯಿಲ್ ಅನ್ನೋದು ಹೊಸದೂ ಅಲ್ಲ. 1959ರಲ್ಲಿ ಬಂದ ಬ್ರಿಟನ್ನಿನ ಮಿನಿ ಕಾರಿನಲ್ಲಿ ಗೇರ್‌ಬಾಕ್ಸ್ ಎಂಜಿನ್ನಿನ ಆಯಿಲ್ ಸಂಪ್ ಒಳಗೇ ಇತ್ತು, ಎರಡಕ್ಕೂ ಒಂದೇ ಆಯಿಲ್. ನಮ್ಮ ಹೆಚ್ಚಿನ ಬೈಕುಗಳಲ್ಲಿ ಇವತ್ತಿಗೂ ಹಾಗೇ ಅಲ್ವಾ. ಬೇರೆ ದೇಶಗಳಲ್ಲಿ ಕೆಲವು ಮ್ಯಾನುಯಲ್ ಗೇರ್‌ಬಾಕ್ಸ್‌ಗಳಿಗೆ ಆಟೊಮ್ಯಾಟಿಕ್‌ಗೆ ಹಾಕುವ ಕೆಂಪು ಎಟಿಎಫ್ ಹಾಕುತ್ತಾರೆ, ಅದೂ ಕಂಪನಿ ಹೇಳಿದ್ದೇ. ಆ ಬಾಕ್ಸ್ ಮಾಡಿದವರು ಯಾವ ಆಯಿಲ್ ಮನಸ್ಸಲ್ಲಿಟ್ಟು ರಿಂಗ್ ಆರಿಸಿದರೋ ಅದು ಬೇಕು.

ಪ್ರಶ್ನೆ: ನಾನು ಮ್ಯೂನಿಕ್‌ನಲ್ಲಿದ್ದೇನೆ. ಹಳೆಯ ಮ್ಯಾನುಯಲ್ ಕಾರು. ಚಳಿಗಾಲದ ಬೆಳಗ್ಗೆ ಮೊದಲ ಹತ್ತು ನಿಮಿಷ ಗೇರ್ ಹಾಕೋದೇ ಯುದ್ಧ. – ಜರ್ಮನಿಯಿಂದ ಓದುಗರು

ಡಬ್ಲ್ಯು ಗುರುತು ಇರೋದೇ ನಿಮ್ಮಂಥವರಿಗೆ. 75ಡಬ್ಲ್ಯು ಆಯಿಲ್ ಹರಿಯುತ್ತದಾ ಅಂತ ಮೈನಸ್ 40 ಡಿಗ್ರಿಯಲ್ಲಿ ಪರೀಕ್ಷೆ ಮಾಡುತ್ತಾರೆ, 80ಡಬ್ಲ್ಯುಗೆ ಮೈನಸ್ 26, 85ಡಬ್ಲ್ಯುಗೆ ಮೈನಸ್ 12. ಹಿಂದಿನವರು ಅಗ್ಗಕ್ಕೆ ಸಿಕ್ಕಿತು ಅಂತ 80ಡಬ್ಲ್ಯು-90 ಹಾಕಿಸಿರಬಹುದು. ಇಳಿಸಿ, ಕಾರು ಕಂಪನಿ ಹೇಳಿದ ನಂಬರಿನ 75ಡಬ್ಲ್ಯು ಸಿಂಥೆಟಿಕ್ ಹಾಕಿಸಿ. ಯುರೋಪಿನ ಕಂಪನಿಗಳು ಜಿಎಲ್ ಗುರುತಿನ ಜೊತೆ ತಮ್ಮದೇ ನಂಬರ್ ಕೊಡುತ್ತವೆ, ಅದನ್ನೇ ಹುಡುಕಿ. ಅಲ್ಲಿ ಎಂಜಿನ್ ಉದ್ದಕ್ಕೆ ಕೂತಿರುವ ಕೆಲವು ಕಾರುಗಳಲ್ಲಿ ಗೇರ್‌ಬಾಕ್ಸ್ ಒಳಗೇ ಹೈಪಾಯ್ಡ್ ಗೇರ್ ಇದ್ದು ಕಂಪನಿಯೇ ಜಿಎಲ್-5 ಕೇಳುತ್ತದೆ. ನಾನು ಹಾಸನದವರಿಗೆ ಹೇಳಿದ್ದನ್ನು ಓದಿ ಅಂಥ ಕಾರಿಗೆ ಜಿಎಲ್-4 ಹಾಕಿಬಿಡಬೇಡಿ.

ಪ್ರಶ್ನೆ: 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು ಕಡೆ ನಮ್ಮ ಕಾರು ಅರ್ಧ ಚಕ್ರ ಮುಳುಗಿತ್ತು. ಎಂಜಿನ್ ಆಯಿಲ್ ಆಗಲೇ ಬದಲಿಸಿದ್ದೆವು. ಗೇರ್ ಆಯಿಲ್ ಯಾರೂ ನೋಡಿಲ್ಲ. ಈಗ ನೋಡಬೇಕಾ? – ಬೆಂಗಳೂರಿನ ಓದುಗರು

ನಾಳೆಯೇ ನೋಡಿಸಿ. ಗೇರ್‌ಬಾಕ್ಸ್ ಮೇಲೆ ಬ್ರೀದರ್ ಅಂತ ಚಿಕ್ಕ ತೂತು ಇರುತ್ತದೆ, ಬಿಸಿಯಾಗಿ ಹಿಗ್ಗಿದ ಗಾಳಿ ಹೊರಗೆ ಹೋಗೋಕೆ. ಬಿಸಿ ಗೇರ್‌ಬಾಕ್ಸ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ನೀರು ಅಲ್ಲಿಯ ತನಕ ಬಂದಿದ್ದರೆ ಬ್ರೀದರಿನಿಂದ, ಇಲ್ಲದಿದ್ದರೆ ಸವೆದ ಆಕ್ಸಲ್ ಸೀಲಿನಿಂದ ಒಳಗೆ ಹೋಗಿರಬಹುದು. ಡ್ರೈನ್ ನಟ್ ಸಡಿಲಿಸಿದಾಗ ಮೊದಲು ಬರುವ ಹನಿಗಳನ್ನು ನೋಡಿ, ನೀರು ಆಯಿಲ್‌ಗಿಂತ ಭಾರ, ಅಡಿಯಲ್ಲಿ ನಿಂತಿದ್ದರೆ ಅದೇ ಮೊದಲು ಬರುತ್ತದೆ. ಆಯಿಲ್ ಹಾಲು ಸೇರಿಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಕಲಸಿಹೋಗಿದೆ. ಇಳಿಸಿ, ಹೊಸದು ಹಾಕಿ, ಒಂದಷ್ಟು ದಿನ ಓಡಿಸಿ ಮತ್ತೆ ಇಳಿಸಿ, ಬಣ್ಣ ಶುದ್ಧವಾಗುವ ತನಕ. ಇಷ್ಟು ದಿನ ನೀರಲ್ಲೇ ಓಡಿದ್ದರೆ ಬೇರಿಂಗುಗಳಿಗೆ ತುಕ್ಕು ಹಿಡಿದಿರಬಹುದು. ಆಮೇಲೂ ಗುಂಯ್ ಸದ್ದು ಉಳಿದರೆ ತಡಮಾಡದೆ ಬಿಚ್ಚಿಸಿ.

ಪ್ರಶ್ನೆ: ನನ್ನದು ಎಎಂಟಿ. ಅದಕ್ಕೆ ಆಟೊಮ್ಯಾಟಿಕ್ ಆಯಿಲಾ, ಮ್ಯಾನುಯಲ್ ಆಯಿಲಾ? – ಉಡುಪಿಯ ಓದುಗರು

ಮ್ಯಾನುಯಲ್‌ದೇ. 2014ರಲ್ಲಿ ಸೆಲೆರಿಯೊ ಜೊತೆ ಇಲ್ಲಿ ಹೆಸರಾದ ಈ ವ್ಯವಸ್ಥೆಯಲ್ಲಿ ಒಳಗಿರೋದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ. ಆ ಯಂತ್ರ ಕೆಲವು ಕಾರುಗಳಲ್ಲಿ ಹೈಡ್ರಾಲಿಕ್, ಕೆಲವದರಲ್ಲಿ ಮೋಟಾರ್. ಹೈಡ್ರಾಲಿಕ್ ಆದರೆ ಅದಕ್ಕೆ ಬೇರೆಯೇ ಫ್ಲೂಯಿಡ್, ಬೇರೆಯೇ ಡಬ್ಬಿ, ಗೇರ್ ಆಯಿಲ್ ಜೊತೆ ಬೆರೆಸುವಂತಿಲ್ಲ. ಸಿವಿಟಿ, ಡಿಸಿಟಿ ಅನ್ನುವ ಬೇರೆ ತರದ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವವರು ಈ ಅಂಕಣದ ಯಾವ ಸಲಹೆಯನ್ನೂ ಅವುಗಳಿಗೆ ಅನ್ವಯಿಸಬೇಡಿ.

ಪ್ರಶ್ನೆ: ಡಿಪ್ಲೊಮಾ ಓದುತ್ತಿದ್ದೇನೆ, ಅಪ್ಪನ ಕಾರಿನ ಗೇರ್ ಆಯಿಲ್ ನಾನೇ ಬದಲಿಸಬೇಕು ಅಂತ ಆಸೆ. ಏನು ನೋಡಿಕೊಳ್ಳಬೇಕು? – ಶಿವಮೊಗ್ಗದ ಓದುಗ

ಖಂಡಿತ ಮಾಡು. ಜಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡ, ಅದು ಮೊದಲ ಮಾತು. ಸ್ಟ್ಯಾಂಡ್ ಕೊಡಬೇಕು, ನಾಲ್ಕೂ ಚಕ್ರ ಸಮಮಟ್ಟದಲ್ಲಿರಬೇಕು, ಓರೆ ನಿಂತರೆ ಆಯಿಲ್ ಮಟ್ಟ ತಪ್ಪುತ್ತದೆ. ಪರಿಚಯದ ಗ್ಯಾರೇಜಿನ ಪಿಟ್ ಅಥವಾ ರ‍್ಯಾಂಪ್ ಒಂದು ಗಂಟೆಗೆ ಸಿಕ್ಕರೆ ಅದೇ ಒಳ್ಳೇದು.

ಡ್ರೈನ್ ನಟ್ ಮುಟ್ಟುವ ಮೊದಲು ಪಕ್ಕದಲ್ಲಿ ಮೇಲಿರುವ ಫಿಲ್ಲಿಂಗ್ ನಟ್ ಬಿಚ್ಚಿಕೊಳ್ಳುತ್ತದಾ ನೋಡು. ಅದು ತುಕ್ಕು ಹಿಡಿದು ಕೂತಿದ್ದರೆ, ಕೆಳಗಿನದನ್ನು ಬಿಚ್ಚಿ ಆಯಿಲ್ ಖಾಲಿ ಮಾಡಿದ ಮೇಲೆ ಹೊಸದನ್ನು ಹಾಕೋಕೆ ದಾರಿಯೇ ಇರೋದಿಲ್ಲ, ಗಾಡಿ ಅಲ್ಲೇ ನಿಂತುಬಿಡುತ್ತದೆ. ಸರಿಯಾದ ಸೈಜಿನ ಸ್ಪ್ಯಾನರ್ ಇಲ್ಲದೆ ಕೈ ಹಾಕಬೇಡ, ನಟ್ಟಿನ ಮೂಲೆ ಸವೆದರೆ ತೆಗೆಯೋದು ದೊಡ್ಡ ಕಥೆ. ಆಯಿಲ್ ಬೆಚ್ಚಗಿರಲಿ, ಸುಡುವಷ್ಟು ಬೇಡ.

ಹೆಚ್ಚಿನ ಡ್ರೈನ್ ನಟ್ಟುಗಳ ತುದಿಯಲ್ಲಿ ಮ್ಯಾಗ್ನೆಟ್ ಇರುತ್ತದೆ. ಅದನ್ನು ಒರೆಸಿ ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡು. ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಇದ್ದರೆ ಅದು ಸಹಜವಾದ ಸವೆತ. ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಯಾವುದೋ ಹಲ್ಲು ಅಥವಾ ಬೇರಿಂಗ್ ಒಡೆಯುತ್ತಿದೆ. ಹಿತ್ತಾಳೆ ಮ್ಯಾಗ್ನೆಟ್ಟಿಗೆ ಅಂಟೋದಿಲ್ಲ, ಅದನ್ನು ಇಳಿದ ಆಯಿಲ್‌ನಲ್ಲೇ ಹುಡುಕಬೇಕು. ಬಟ್ಟಲನ್ನು ಬಿಸಿಲಿಗೆ ಹಿಡಿದು ಓರೆ ಮಾಡಿದಾಗ ಚಿನ್ನದ ಪುಡಿಯಂತೆ ಮಿನುಗಿದರೆ ಸಿಂಕ್ರೊ ರಿಂಗ್ ಸವೆಯುತ್ತಿದೆ.

ಹೊಸ ವಾಷರ್ ಹಾಕಿ ಡ್ರೈನ್ ನಟ್ ಬಿಗಿ ಮಾಡು, ಮೇಲಿನ ತೂತಿನಿಂದ ಪೈಪು, ಲಾಳಿಕೆ ಇಟ್ಟು ನಿಧಾನಕ್ಕೆ ಸುರಿ. ತೂತಿನ ಅಂಚಿಗೆ ಬಂದು ಹೊರಗೆ ಜಿನುಗೋಕೆ ಶುರುವಾದರೆ ಹೆಚ್ಚಿನ ಕಾರುಗಳಲ್ಲಿ ಅದೇ ಸರಿಯಾದ ಮಟ್ಟ. ಕೆಲವದರಲ್ಲಿ ಲೀಟರ್ ಲೆಕ್ಕವೇ ಪ್ರಮಾಣ, ಪುಸ್ತಕ ನೋಡಿಕೋ. ಜಾಸ್ತಿ ಹಾಕಿದರೆ ನೊರೆ ಬಂದು ಸೀಲಿನಿಂದ ಹೊರಗೆ ಬರುತ್ತದೆ. ಇಳಿಸಿದ ಹಳೆಯ ಆಯಿಲನ್ನು ಚರಂಡಿಗೆ, ಗಿಡದ ಬುಡಕ್ಕೆ ಸುರಿಯಬೇಡ, ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಅದೇ ಖಾಲಿ ಡಬ್ಬಿಗೆ ತುಂಬಿ, ಹಳೆ ಆಯಿಲ್ ಒಟ್ಟುಮಾಡಿ ಶುದ್ಧೀಕರಣಕ್ಕೆ ಕಳಿಸುವ ಸರ್ವೀಸ್ ಸೆಂಟರಿಗೆ ಕೊಡು.

ಪ್ರಶ್ನೆ: ಗೇರ್ ನುಣ್ಣಗೆ ಬೀಳೋಕೆ ಆಯಿಲ್ ಜೊತೆ ಬೆರೆಸುವ ಟ್ಯೂಬ್, ಚಿಕ್ಕ ಬಾಟಲಿ ಮಾರುತ್ತಾರೆ. ಹಾಕಬಹುದಾ? – ಕಲಬುರಗಿಯ ಓದುಗರು

ಬೇಡ. ಅವುಗಳ ಕೆಲಸವೇ ಜಾರಿಸೋದು, ಸಿಂಕ್ರೊಗೆ ಬೇಕಾಗಿರೋದು ಹಿಡಿತ. ಆ ದುಡ್ಡಿಗೆ ಒಳ್ಳೆಯ ಆಯಿಲ್ ಬರುತ್ತದೆ.

ಪ್ರಶ್ನೆ: ಕ್ಲಚ್ ಡಬ್ಬಿಯಲ್ಲಿ ಆಯಿಲ್ ಕಡಿಮೆಯಾಗಿದೆ, ಮನೆಯಲ್ಲಿ ಗೇರ್ ಆಯಿಲ್ ಉಳಿದಿದೆ, ಸ್ವಲ್ಪ ಹಾಕಲಾ? – ರಾಯಚೂರಿನ ಓದುಗರು

ಒಂದು ಹನಿಯೂ ಹಾಕಬೇಡಿ. ಅಲ್ಲಿರೋದು ಬ್ರೇಕ್ ಫ್ಲೂಯಿಡ್, ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ, ಅದನ್ನೇ ಹಾಕಬೇಕು. ಗೇರ್ ಆಯಿಲ್ ತಾಗಿದರೆ ಒಳಗಿನ ರಬ್ಬರ್ ಊದಿ ಹಾಳಾಗುತ್ತದೆ. ಅನೇಕ ಕಾರುಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಡಬ್ಬಿ, ಅಲ್ಲಿ ಈ ತಪ್ಪಾದರೆ ಬ್ರೇಕೇ ಹೋಗುತ್ತದೆ. ಈಗಾಗಲೇ ಹಾಕಿದ್ದರೆ ಗಾಡಿ ಓಡಿಸಬೇಡಿ, ಟೋ ಮಾಡಿಸಿ.

ಪ್ರಶ್ನೆ: ಎಲ್ಲದಕ್ಕೂ ಪುಸ್ತಕ ನೋಡಿ ಅನ್ನುತ್ತೀರಿ, ಹಳೆ ಕಾರು, ಪುಸ್ತಕವೇ ಇಲ್ಲ. – ದಾವಣಗೆರೆಯ ಓದುಗರು

ಈಗ ಹೆಚ್ಚಿನ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಓನರ್ಸ್ ಮ್ಯಾನುಯಲ್ ಬಿಟ್ಟಿಯಾಗಿ ಇಟ್ಟಿವೆ. ಮಾಡೆಲ್ ಮತ್ತು ವರ್ಷ ಹಾಕಿ ಇಳಿಸಿಕೊಳ್ಳಿ, ಕೊನೆಯ ಭಾಗದಲ್ಲಿ ಅಳತೆಗಳ ಪಟ್ಟಿ ಇರುತ್ತದೆ. ಅದರಲ್ಲಿ ಮ್ಯಾನುಯಲ್ ಟ್ರಾನ್ಸ್‌ಮಿಷನ್ ಅಂತ ಇರುವ ಸಾಲಿನಲ್ಲಿ ಮೂರು ವಿಷಯ ಸಿಗುತ್ತವೆ: ದಪ್ಪದ ನಂಬರ್, ಜಿಎಲ್ ಗುರುತು, ಎಷ್ಟು ಲೀಟರ್. ಸಿಗದಿದ್ದರೆ ಆರ್‌ಸಿ ತಗೊಂಡು ಆ ಕಂಪನಿಯ ಡೀಲರ್‌ನ ಬಿಡಿಭಾಗಗಳ ಕೌಂಟರಿಗೆ ಹೋಗಿ, ಚಾಸಿಸ್ ನಂಬರ್ ಹಾಕಿ ನೋಡಿ ಹೇಳುತ್ತಾರೆ. ಆ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಆರ್‌ಸಿ ಜೊತೆ ಇಡಿ, ಗ್ಯಾರೇಜಿಗೆ ಬಿಡುವಾಗ ಬಾಯಲ್ಲಿ ಹೇಳುವ ಬದಲು ಆ ಚೀಟಿಯನ್ನೇ ಮೆಕ್ಯಾನಿಕ್ ಕೈಗೆ ಕೊಡಿ.